ನಡಿಗೆಯ ಸ್ಕ್ರೂ

ನೀರು ಶುದ್ಧ ಮಾಡುವ ಆ ಘಟಕದಲ್ಲಿ ಹುಲ್ಲು ಕೊಚ್ಚುವ ಮಿಷನ್ನುಗಳು ಹನ್ನೆರಡು ಇದ್ದವು. ಹನ್ನೊಂದು ಸರಿಯಾಗಿ ಓಡುತ್ತಿದ್ದವು. ಹನ್ನೆರಡನೆಯದು ಫಿಟ್ಟರನ ಹೆಂಡತಿಯದು.

ಘಟಕದಲ್ಲಿ ಇದಕ್ಕಿಂತ ಹಳೆಯ ತಮಾಷೆ ಇರಲಿಲ್ಲ. ಪಂಪ್‌ಹೌಸಿನವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅದನ್ನು ತಮ್ಮ ತಮ್ಮ ಸರದಿಯಲ್ಲಿ ಹೇಳಿ ಮುಗಿಸಿದ್ದರು. ಊರಿನವರ ಇಂಜಿನ್ನೆಲ್ಲ ರಿಪೇರಿ ಮಾಡುವ ಮನುಷ್ಯನಿಗೆ ಕಟ್ಟಿಕೊಂಡವಳ ಮಿಷನ್ನಿನ ಕಾರ್ಬುರೇಟರ್ ಸೆಟ್ ಮಾಡುವುದಕ್ಕೆ ಹನ್ನೊಂದು ವರ್ಷದಿಂದ ಆಗುತ್ತಿಲ್ಲವೆಂದರೆ, ನಗದೆ ಇನ್ನೇನು ಮಾಡುತ್ತಾರೆ?

ಆ ಮಿಷನ್ನು ಬೆಳಗ್ಗೆ ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು. ಇಪ್ಪತ್ತೆರಡು ನಿಮಿಷ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಆಮೇಲೆ ಅವಳು ಎಕ್ಸಲರೇಟರ್ ಬಿಟ್ಟು ಪಕ್ಕಕ್ಕೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ನಿಂತದ್ದು ಹತ್ತು ನಿಮಿಷ ಏನು ಮಾಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ತಣ್ಣಗಾದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಆ ಹತ್ತು ನಿಮಿಷ ಅವಳು ಕೈಗವಸು ಕಳಚಿ, ಏರಿಯ ಮೇಲೆ ಕಾಲು ಚಾಚಿ ಕೂತು, ಗಂಡನನ್ನು ಬಾಯಿ ತುಂಬ ಬೈಯುತ್ತಿದ್ದಳು. ಒಂದು ಸಲ ಅವಳಿಗೆ ಬೇರೆ ಮಿಷನ್ನು ಕೊಟ್ಟು ನೋಡಿದರು. ವಾರದೊಳಗೆ ಅದೂ ಇಪ್ಪತ್ತೆರಡು ನಿಮಿಷಕ್ಕೆ ಕೆಮ್ಮತೊಡಗಿತು. ತಪ್ಪು ಆಕೆಯ ಕೈಗುಣದ್ದೇ ಇರಬೇಕೆಂದು ಕೆಲವರು ಹೇಳಿದರು. ಗಂಡಹೆಂಡತಿ ಇಬ್ಬರದೂ ಎಂದು ಉಳಿದವರು ಹೇಳಿದರು.

ನಿಜ ಏನೆಂದರೆ, ಆ ಹನ್ನೆರಡರಲ್ಲಿ ಫಿಟ್ಟರ್ ಅತಿ ಹೆಚ್ಚು ಶ್ರದ್ಧೆಯಿಂದ ಸೆಟ್ ಮಾಡಿದ್ದು ಆ ಮಿಷನ್ನನ್ನೇ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಅವಳು ಒಲೆಯ ಮೇಲಿದ್ದ ಪಾತ್ರೆಯನ್ನು ಬಟ್ಟೆ ಹಿಡಿಯದೆ ಎತ್ತಿ ಕೆಳಗಿಟ್ಟಿದ್ದಳು. ಬೆರಳು ಸುಟ್ಟದ್ದು ಅವಳಿಗೆ ಗೊತ್ತಾದದ್ದು ವಾಸನೆಯಿಂದ. ಡಾಕ್ಟರು ಅವಳ ಹತ್ತು ಬೆರಳುಗಳನ್ನೂ ಒಂದೊಂದಾಗಿ ಒತ್ತಿ, ಬಿಳುಪೇರಿದ ತುದಿಗಳನ್ನು ದೀಪಕ್ಕೆ ಹಿಡಿದು ನೋಡಿ, ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು: "ಮಿಷನ್ನಿನ ನಡುಕ ನರಗಳನ್ನ ತಿಂತಾ ಇದೆ. ಇಪ್ಪತ್ತು ನಿಮಿಷ ಹಿಡೀರಿ, ಹತ್ತು ನಿಮಿಷ ಬಿಡಿ. ಹೀಗೇ ಬಿಡದೆ ಹಿಡಿದ್ರೆ ಒಂದಿನ ಜೋಮು ಬರತ್ತೆ, ಆದ್ರೆ ಹೋಗಲ್ಲ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ."

ದಾರಿಯಲ್ಲಿ ಅವಳು ಡಾಕ್ಟರನ್ನೂ ಸೇರಿಸಿ ಬೈದಳು. "ಮಿಷನ್ ಓಡ್ತಾ ಇರೋವಾಗ ಕೈ ಕಟ್ಕೊಂಡು ಕೂತ್ಕೊಳ್ಳೋದಾ? ಸೂಪರ್‌ವೈಸರ್ ನನ್ನ ಕೂರಿಸಿ ಚಾಮರ ಬೀಸ್ತಾನಾ? ಅದು ನಿಂತ್ರೆ ನಾನೂ ನಿಲ್ತೀನಿ. ಅದು ನಿಲ್ಲದೆ ನಾನು ಯಾಕ್ರೀ ನಿಲ್ಲಲಿ?"

ಸೂಪರ್‌ವೈಸರನ ನಿಯಮವೂ ಅದೇ ಆಗಿತ್ತು. ಮಿಷನ್ನು ಓಡುತ್ತಿದ್ದರೆ ಆಳೂ ಓಡುತ್ತಿರಬೇಕು; ಮಿಷನ್ನು ಕೆಟ್ಟರೆ ಯಾರದೂ ತಪ್ಪಲ್ಲ. ಅಲ್ಲಿ ನೀರಿನ ತೊಟ್ಟಿಗಳು ನೆಲದಡಿ ಇವೆ. ಮೇಲೆ ಕಡಿದಾದ ಹುಲ್ಲಿನ ಏರಿ. ಹುಲ್ಲು ಕಣಕಾಲಿಗಿಂತ ಮೇಲೆ ಬೆಳೆದರೆ ಎಲ್ಲಿ ನೀರು ಜಿನುಗುತ್ತಿದೆ ಎಂದು ಕಾಣುವುದಿಲ್ಲ. ಆ ಇಳಿಜಾರಿನಲ್ಲಿ ಗಾಲಿಯ ಯಂತ್ರ ನಿಲ್ಲುವುದಿಲ್ಲ. ಹೆಗಲಿಗೆ ಪಟ್ಟಿ ಹಾಕಿಕೊಂಡು, ಎರಡು ಕೈಯಲ್ಲಿ ಹಿಡಿದು ಬೀಸುವ ಮಿಷನ್ನೇ ಆಗಬೇಕು. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿಯ ಹುಲ್ಲು ಮತ್ತೆ ಬೆಳೆದಿರುತ್ತದೆ.

ಫಿಟ್ಟರ್ ಹೆಂಡತಿಯ ಮಾತನ್ನು ಜಗಳವೆಂದು ಕೇಳಿಸಿಕೊಳ್ಳಲಿಲ್ಲ, ಆದೇಶವೆಂದು ಕೇಳಿಸಿಕೊಂಡ. ಅದು ನಿಂತರೆ ನಿಲ್ಲುತ್ತಾಳೆ. ಹಾಗಾದರೆ ಅದು ನಿಲ್ಲಬೇಕು.

ಆ ಪುಟ್ಟ ಇಂಜಿನ್ನುಗಳ ಕಾರ್ಬುರೇಟರಿಗೆ ಮೂರು ಸ್ಕ್ರೂ. ಒಂದು ಓಟದ್ದು, ಪೂರ್ತಿ ವೇಗದಲ್ಲಿ ಎಷ್ಟು ಪೆಟ್ರೋಲು ಕುಡಿಯಬೇಕೆಂದು ಹೇಳುವುದು. ಒಂದು ನಡಿಗೆಯದು, ನಿಧಾನದಲ್ಲಿ ಎಷ್ಟು ಎಂದು ಹೇಳುವುದು. ಮೂರನೆಯದು ನಿಂತಲ್ಲೇ ಉಸಿರಾಡಿಕೊಂಡಿರಲು. ಓಟದ ಸ್ಕ್ರೂವಿನ ಜೊತೆ ಆಟವಾಡಿದರೆ ಇಂಜಿನ್ನೇ ಸುಟ್ಟುಹೋಗುತ್ತದೆ. ಅದನ್ನು ಅವನು ಕೂದಲೆಳೆಯಷ್ಟೂ ತಪ್ಪದೆ ಇಟ್ಟ. ನಡಿಗೆಯದನ್ನು ಮಾತ್ರ, ಮೆತ್ತಗೆ ಒಳಕ್ಕೆ ತಿರುಗಿಸಿ, ತಳಕ್ಕೆ ಕೂತದ್ದನ್ನು ಬೆರಳ ತುದಿಯಲ್ಲಿ ಗುರುತಿಸಿ, ಹಿಂದಕ್ಕೆ ಒಂದು ಸುತ್ತು, ಅರ್ಧ, ಅದರ ಮೇಲೆ ಇನ್ನೊಂದಿಷ್ಟು. ಇಂಜಿನ್ನು ತಣ್ಣಗಿರುವಾಗ ಆ ಇನ್ನೊಂದಿಷ್ಟನ್ನು ಸಹಿಸಿಕೊಳ್ಳುತ್ತದೆ, ಬಿಸಿಯಾದ ಮೇಲೆ ಅದೇ ಪೆಟ್ರೋಲು ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ. ಹದ ಸಿಗುವುದಕ್ಕೆ ಒಂದು ತಿಂಗಳು ಹಿಡಿಯಿತು. ಹನ್ನೆರಡು ನಿಮಿಷಕ್ಕೆ ನಿಂತಿತು, ಮೂವತ್ತಕ್ಕೆ ನಿಂತಿತು, ಒಂದು ದಿನ ನಿಲ್ಲಲೇ ಇಲ್ಲ. ಕೊನೆಗೆ ಇಪ್ಪತ್ತೆರಡಕ್ಕೆ ಬಂದು ಕೂತಿತು. ಇಷ್ಟು ನಾಜೂಕಾಗಿ ಕೆಡಿಸುವ ಇನ್ನೊಬ್ಬ ಫಿಟ್ಟರ್ ಇರಲಾರ. ಆದರೆ ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ, ಹೆಂಡತಿಗಂತೂ ಮೊದಲೇ ಇಲ್ಲ. ಗೊತ್ತಾದರೆ ಆ ಗಳಿಗೆಯಲ್ಲೇ ಸರಿ ಮಾಡಿಸಿಕೊಂಡು ಬರುವ ಹೆಂಗಸು ಅವಳು.

ಹೀಗೆ ಅವಳ ಬೆರಳುಗಳು ಹನ್ನೊಂದು ವರ್ಷ ಉಳಿದವು. ಅವನ ಮರ್ಯಾದೆ ಉಳಿಯಲಿಲ್ಲ.

ಅರವತ್ತು ತುಂಬಿದ ತಿಂಗಳು ಫಿಟ್ಟರ್ ನಿವೃತ್ತನಾದ. ಅವನಿಗೊಂದು ಟಾರ್ಚು ಉಡುಗೊರೆ ಕೊಟ್ಟರು. ಕೊಡುವಾಗ ಸೂಪರ್‌ವೈಸರ್, "ನೋಡಿ ಯಜಮಾನ್ರೇ, ಇದಕ್ಕೆ ಕಾರ್ಬುರೇಟರ್ ಇಲ್ಲ, ಧೈರ್ಯವಾಗಿ ಇಟ್ಕೊಳ್ಳಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಮರುದಿನದಿಂದ ಅವನಿಗೆ ಏನೂ ಅನಿಸದಾಯಿತು. ದುಃಖವೆನ್ನುವ ಹಾಗೂ ಇರಲಿಲ್ಲ, ನೆಮ್ಮದಿಯೆನ್ನುವ ಹಾಗೂ ಇರಲಿಲ್ಲ. ಎದ್ದ, ಮುಖ ತೊಳೆದ, ಚಹಾ ಕುಡಿದ, ಲೋಟ ತೊಳೆದ. ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆದ. ಒಂದು ದಿನ ಟಾರ್ಚು ಹೊತ್ತಿಸಿ ಮಂಚದ ಕೆಳಗೆ ನೋಡಿದ. ಮಂಚದ ಕೆಳಗಿನ ಜಾಗವಿತ್ತು. ಎದುರು ಮನೆಯವರು "ಹೇಗನಿಸ್ತಿದೆ ಆರಾಮ ಜೀವನ?" ಎಂದು ಕೇಳಿದರೆ "ಹಾಂ, ಅನಿಸ್ತಾ ಇಲ್ಲ" ಎನ್ನುತ್ತಿದ್ದ. ಅವರು ತಮಾಷೆಯೆಂದುಕೊಂಡು ನಗುತ್ತಿದ್ದರು.

ಅವನ ದಿನಕ್ಕೆ ಒಂದು ಆಕಾರ ಕೊಡುತ್ತಿದ್ದದ್ದು ಅಡುಗೆಮನೆಯ ಕಿಟಕಿ. ಕ್ವಾರ್ಟರ್ಸಿನ ಹಿಂಗೋಡೆಯ ಆಚೆಯೇ ಘಟಕದ ಏರಿ. ಹನ್ನೆರಡು ಮಿಷನ್ನುಗಳ ಗದ್ದಲದಲ್ಲಿ ಅವಳದನ್ನು ಅವನು, ಜನಜಂಗುಳಿಯಲ್ಲಿ ಮನೆಯವರ ಕೆಮ್ಮನ್ನು ಗುರುತಿಸುವ ಹಾಗೆ ಗುರುತಿಸುತ್ತಿದ್ದ. ಇಪ್ಪತ್ತೆರಡು ನಿಮಿಷ. ಎರಡು ಕೆಮ್ಮು. ನಿಶ್ಶಬ್ದ. ಆಗ ಅವನು ಸಿಂಕಿನ ಮುಂದಿನಿಂದ ಸರಿದು ಕುರ್ಚಿಯಲ್ಲಿ ಕೂರುತ್ತಿದ್ದ. ಗೋಡೆಯಾಚೆ ಅವಳು ತನ್ನ ಬಗ್ಗೆ ಏನು ಹೇಳುತ್ತಿರಬಹುದೆಂಬುದು ಅವನಿಗೆ ಬಾಯಿಪಾಠವಾಗಿತ್ತು.

ಮೂರನೆಯ ವಾರ ಒಂದು ಬೆಳಗ್ಗೆ ಅದು ಕೆಮ್ಮಲಿಲ್ಲ.

ಇಪ್ಪತ್ತೆರಡು ಕಳೆಯಿತು. ಮೂವತ್ತು ಕಳೆಯಿತು. ಫಿಟ್ಟರ್ ನಲ್ಲಿ ಮುಚ್ಚಿ ನಿಂತ. ಸದ್ದು ಚೆನ್ನಾಗಿತ್ತು, ಅದನ್ನು ಅವನು ಒಪ್ಪಿಕೊಳ್ಳಬೇಕಾಯಿತು. ವೇಗ ಏರಿಸಿದರೆ ಮೇಲಿನ ಸ್ವರಕ್ಕೆ ತಡವರಿಸದೆ ಹೋಗುತ್ತಿತ್ತು, ಬಿಟ್ಟರೆ ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ಹಿಡಿದು ನಿಲ್ಲುತ್ತಿತ್ತು. ಯಾರೋ ಬಲ್ಲವರು ನಡಿಗೆಯ ಸ್ಕ್ರೂವನ್ನು ಅದರ ಜಾಗಕ್ಕೆ ತಂದಿದ್ದರು. ನಲವತ್ತು. ಐವತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಅದು ನಿಂತಿತು, ಅದೂ ಪೆಟ್ರೋಲು ಮುಗಿದು. ಕೈಯಲ್ಲಿದ್ದ ಲೋಟ ಯಾವಾಗ ಕೆಳಗಿಟ್ಟನೆಂದು ಅವನಿಗೆ ನೆನಪಿರಲಿಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ಶುರುಮಾಡಿದಳು.

"ಐದೇ ನಿಮಿಷ ರೀ! ಹೊಸ ಫಿಟ್ಟರ್ ಬಂದಿದಾನಲ್ಲ, ಐದ್ನಿಮಿಷ, ಬಾಯಿ ತೆಗೆದ್ರೆ 'ಐದು ನಿಮಿಷ ಅಕ್ಕ' ಅಂತಾನೆ, ಅದಕ್ಕೇ ಆ ಹೆಸರು. ಹೇಳಿದ ಹಾಗೇ ಐದು ನಿಮಿಷದಲ್ಲಿ ಕೊಟ್ಟ. ಒಂದ್ಸಲ ನಿಲ್ಲಲಿಲ್ಲ. ನೀವು ಹನ್ನೊಂದು ವರ್ಷ ಅದರೊಳಗೆ ಏನು ಹುಡುಕ್ತಾ ಇದ್ರಿ?"

"ಒಳ್ಳೇದಾಯ್ತು" ಎಂದ ಫಿಟ್ಟರ್.

"ಕಂಬ ಬಂದು ನೋಡಿದ್ಲು. 'ಏನೇ, ಮಿಷನ್ನಿಗೆ ಡೈವೋರ್ಸ್ ಕೊಡಿಸಿದ್ಯಾ' ಅಂದ್ಲು!"

ಕಂಬ ಎಂದರೆ ಹುಲ್ಲಿನ ಗ್ಯಾಂಗಿನ ಮೇಸ್ತ್ರಿ. ಎತ್ತರದ ಹೆಂಗಸು, ಕೊರಳಲ್ಲಿ ಸೀಟಿ, ಕೈಯಲ್ಲಿ ಏನೂ ಇಲ್ಲ. ಆ ಕೈಯಲ್ಲಿ ಏನೂ ಇಲ್ಲದ ಕೆಲಸ ಎಂಟು ವರ್ಷದ ಹಿಂದೆ ಫಿಟ್ಟರನ ಹೆಂಡತಿಗೆ ಬರಬೇಕಿತ್ತು ಎಂದು ಹೇಳುವವರೂ ಇದ್ದರು.

ಹೆಂಡತಿ ಬೂಟು ಕಳಚಿದಳು. ಅಂಗಿಯ ತೋಳಿನ ಗುಂಡಿ ಬಿಚ್ಚಲು ಹೋಗಿ, ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಹಲ್ಲಿನಿಂದ ಬಿಚ್ಚಿದಳು. ಅವನು ಚಹಾ ತಂದುಕೊಟ್ಟ. ಅವನಿಗೆ ಅಂಚು ಹಿಡಿಯುವುದಕ್ಕೂ ಆಗದಷ್ಟು ಬಿಸಿಯಿದ್ದ ಲೋಟವನ್ನು ಅವಳು ಅಂಗೈ ಸುತ್ತಿ ಹಿಡಿದು ಮಾತು ಮುಂದುವರಿಸಿದಳು.

"ಬಿಸಿ ಇದೆ" ಎಂದ.

"ಎಲ್ಲಿ?" ಎಂದಳು.

ಹೇಳಬಹುದಿತ್ತು. ಆ ರಾತ್ರಿ ಊಟಕ್ಕೆ ಕೂತಾಗ, ಮರುದಿನ ಬೆಳಗ್ಗೆ, ಅದರ ಮರುದಿನ. ಆದರೆ ಹನ್ನೊಂದು ವರ್ಷ ನುಂಗಿದ ಮಾತು ಇಷ್ಟೊತ್ತಿಗೆ ಜೀರ್ಣವಾಗಿ ಹೋಗಿತ್ತು. ಎಲ್ಲಿಂದ ಹೊರಡಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಒಂದು ದಿನ ಪ್ರಯತ್ನ ಮಾಡಿದ:

"ನಡುನಡುವೆ ಸ್ವಲ್ಪ ನಿಲ್ಲಬೇಕು ನೀನು. ಡಾಕ್ಟರ್ ಹೇಳಿರ್ಲಿಲ್ವಾ."

"ಯಾವ ಡಾಕ್ಟರು?"

"ಹನ್ನೊಂದು ವರ್ಷದ ಹಿಂದೆ."

"ಅಯ್ಯೋ, ಆ ಡಾಕ್ಟರೇ ರಿಟೈರಾಗಿ ಹೋಗಿರ್ತಾರೆ. ನೀವೂ ಆದ್ರಿ. ಎಲ್ಲಾ ಆರಾಮಾಗಿರೋರು ಸೇರ್ಕೊಂಡು ನಂಗೆ ನಿಲ್ಲು ಅಂತೀರ." ಎದ್ದು ತಟ್ಟೆ ಎತ್ತಿಕೊಂಡಳು. ತಟ್ಟೆ ಕೈಯಿಂದ ಜಾರಿ ಸಿಂಕಿನಲ್ಲಿ ಸದ್ದು ಮಾಡಿತು. "ಸೋಪು" ಎಂದಳು. ಸೋಪು ಇನ್ನೂ ಮುಟ್ಟಿರಲಿಲ್ಲ.

ಮಿಷನ್ನು ಸರಿಯಾದ ಎರಡನೆಯ ವಾರ ಸೂಪರ್‌ವೈಸರ್ ಅವಳಿಗೆ ಆಚೆಯ ದೊಡ್ಡ ಏರಿಯನ್ನೂ ಸೇರಿಸಿ ಕೊಟ್ಟ. ಅದು ಬಹುಮಾನವೆಂದು ಅವಳು ಮನೆಗೆ ಬಂದು ಹೇಳಿದಳು. ಮರುದಿನ ಬೆಳಗ್ಗೆ ಅವನು ಮನೆಯಲ್ಲಿರುವುದನ್ನು ಮರೆತು ಹಳೆಯ ಅಭ್ಯಾಸದಂತೆ ಬೀಗ ಹಾಕಹೋಗಿ, ಬೀಗದ ಕೈಯನ್ನು ಮೂರು ಸಲ ಬೀಳಿಸಿ, ಕೊನೆಗೆ ಬಾಗಿಲು ತೆರೆದೇ ಬಿಟ್ಟು ಹೋದಳು. ಫಿಟ್ಟರ್ ಬೀಗದ ಕೈ ಎತ್ತಿ ಮೊಳೆಗೆ ಹಾಕಿದ. ಅಂಗಿ ತೊಟ್ಟ. ನಿವೃತ್ತಿಯಾದ ಮೇಲೆ ಮೊದಲ ಸಲ ಘಟಕದ ಗೇಟಿನತ್ತ ನಡೆದ.

ವರ್ಕ್‌ಶಾಪಿನಲ್ಲಿ ಐದ್ನಿಮಿಷ ಒಬ್ಬನೇ ಇದ್ದ. ನಲವತ್ತು ದಾಟಿದ ಗುಂಡುಮೈಯ ಆಸಾಮಿ, ಸ್ಕೂಟರ್ ಗ್ಯಾರೇಜು ಮುಚ್ಚಿ ಇಲ್ಲಿಗೆ ಬಂದವನು. ಬೆಂಚಿನ ಮೇಲೆ ಹನ್ನೆರಡನೆಯ ಮಿಷನ್ನೇ ಇತ್ತು. ಬ್ಲೇಡು ಬದಲಿಸಲು ಕಳಿಸಿದ್ದರು.

"ಬನ್ನಿ ಅಣ್ಣ, ಬನ್ನಿ. ನಿಮ್ಮ ಸೀಟು ಇನ್ನೂ ಬೆಚ್ಚಗೇ ಇದೆ."

"ನನ್ನ ಸಣ್ಣ ಸ್ಕ್ರೂಡ್ರೈವರ್ ಇಲ್ಲೇ ಉಳೀತು."

"ಉಳಿದಿಲ್ಲ. ನಾನು ಇಡೀ ಡ್ರಾಯರ್ ಜಾಲಾಡಿದೀನಿ." ಐದ್ನಿಮಿಷ ಕೈ ಒರೆಸಿಕೊಂಡು, ಸ್ಟೂಲು ಮುಂದಕ್ಕೆ ತಳ್ಳಿದ. "ಕೂತ್ಕೊಳ್ಳಿ. ನಾನೇ ನಿಮ್ಮನ್ನ ಹುಡುಕ್ಕೊಂಡು ಬರಬೇಕು ಅಂತಿದ್ದೆ. ಒಂದು ವಿಷ್ಯ ನನ್ನ ತಲೆ ತಿಂತಾ ಇದೆ. ಈ ಮಿಷನ್ನಲ್ಲಿ ನೀವು ಓಟದ ಸ್ಕ್ರೂ ಸೆಟ್ ಮಾಡಿದ್ರಲ್ಲ, ನಾನು ಅದನ್ನ ಮುಟ್ಟಲೇ ಇಲ್ಲ. ಮುಟ್ಟೋಕೆ ಜಾಗ ಇರ್ಲಿಲ್ಲ. ಅಷ್ಟು ಕರೆಕ್ಟು. ಪಕ್ಕದ್ದು ನೋಡಿದ್ರೆ ಪೂರ್ತಿ ಹಾಳು. ಓಟ ಗೊತ್ತಿರೋನಿಗೆ ನಡಿಗೆ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ ಅಣ್ಣ."

ಫಿಟ್ಟರ್ ಕೂತ. ಹೇಳಿದ. ಹೇಳುವುದಕ್ಕೆ ಅವನು ಅಂದುಕೊಂಡಿದ್ದಕ್ಕಿಂತ ಕಡಿಮೆ ಮಾತು ಸಾಕಾಯಿತು: ಪಾತ್ರೆ, ಡಾಕ್ಟರು, ಇಪ್ಪತ್ತೆರಡು ನಿಮಿಷ. ಯಾರದೋ ಮನೆಯ ವಿಳಾಸ ಹೇಳುವ ಹಾಗೆ ಹೇಳಿದ.

ಐದ್ನಿಮಿಷ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಮೊದಲಿನ ಹಾಗೆ ಮಾಡಿಬಿಡು" ಎಂದ ಫಿಟ್ಟರ್.

"ಆಗಲ್ಲ ಅಣ್ಣ. ನನಗೆ ಇನ್ನೂ ಎರಡು ತಿಂಗಳು ಪರೀಕ್ಷೆ ಅವಧಿ ಇದೆ. ನಾನು ಸರಿ ಮಾಡಿದ ಮಿಷನ್ನು ಮತ್ತೆ ನಿಂತ್ರೆ ನನ್ನನ್ನೂ ನಿಲ್ಲಿಸ್ತಾರೆ. ನಿಮ್ಮ ಮರ್ಯಾದೆ ಹೋಗಿ ಹನ್ನೊಂದು ವರ್ಷ ಆಯ್ತು, ನಿಮಗೆ ಒಗ್ಗಿಹೋಗಿದೆ. ನಂದು ಇನ್ನೂ ಹೊಸದು." ಗೋಡೆಯ ಮೇಲಿನ ಗಡಿಯಾರ ನೋಡಿದ. ಮಿಷನ್ನು ನೋಡಿದ. ಬೆಂಚಿನ ಅಂಚಿನಲ್ಲಿದ್ದ ಸ್ಕ್ರೂಡ್ರೈವರನ್ನು ಬೆರಳಿನಿಂದ ಫಿಟ್ಟರನ ಕಡೆಗೆ ಒಂದಿಷ್ಟು ತಳ್ಳಿದ. "ನಾನು ಚಹಾಕ್ಕೆ ಹೋಗ್ತೀನಿ. ಐದು ನಿಮಿಷ. ಯಾರು ಏನು ಮಾಡಿದ್ರು ಅಂತ ನಾನು ನೋಡಿಲ್ಲ."

ಫಿಟ್ಟರನಿಗೆ ಐದು ನಿಮಿಷ ಬೇಕಿರಲಿಲ್ಲ. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನ ತುದಿಯನ್ನು ನಡಿಗೆಯ ಸ್ಕ್ರೂವಿನ ಗೀಟಿಗೆ ಇಟ್ಟಿದ್ದ. ಆಗ ಬಾಗಿಲ ಬೆಳಕು ಮಂಕಾಯಿತು.

"ಏನ್ ಮಾಡ್ತಿದೀರಿ?"

ಹೆಂಡತಿ. ಬ್ಲೇಡು ಆಯಿತೇ ಎಂದು ನೋಡಲು ಬಂದವಳು. ಕೈಗವಸು ಇನ್ನೂ ಕೈಯಲ್ಲೇ ಇತ್ತು. ಅವಳು ಗಂಡನನ್ನು ನೋಡಿದಳು, ಸ್ಕ್ರೂಡ್ರೈವರನ್ನು ನೋಡಿದಳು, ಖಾಲಿ ವರ್ಕ್‌ಶಾಪನ್ನು ನೋಡಿದಳು, ಮತ್ತು ತನಗೆ ಎಲ್ಲ ಅರ್ಥವಾಯಿತೆಂದುಕೊಂಡಳು.

"ಥೂ ನಿಮ್ಮ! ಹೊಟ್ಟೆಕಿಚ್ಚು! ಅವನು ಸರಿ ಮಾಡಿದ ಅಂತ ಕದ್ದು ಬಂದು ಕೆಡಿಸ್ತಿದೀರಾ? ಮೂವತ್ತು ವರ್ಷ ನಿಮ್ಮ ಜೊತೆ ಬಾಳಿದೀನಿ. ಕೈಲಾಗದವರು ಅಂತ ಗೊತ್ತಿತ್ತು, ಇಷ್ಟು ಸಣ್ಣವರು ಅಂತ ಗೊತ್ತಿರ್ಲಿಲ್ಲ."

ಹೊಟ್ಟೆಕಿಚ್ಚೆಂದು ಒಪ್ಪಿಕೊಂಡುಬಿಡಬಹುದಿತ್ತು. ಅವನು ಒಂದು ಕ್ಷಣ ಅದನ್ನೂ ತೂಗಿ ನೋಡಿದ. ಆದರೆ ಒಪ್ಪಿಕೊಂಡರೆ ಅವಳು ಮಿಷನ್ನು ಕಸಿದುಕೊಂಡು ಹೋಗಿ ಸಂಜೆಯವರೆಗೆ ಬಿಡದೆ ಓಡಿಸುತ್ತಾಳೆ, ಅವನ ಮೇಲಿನ ಸಿಟ್ಟಿಗೇ.

"ಇಪ್ಪತ್ತೆರಡು ನಿಮಿಷ" ಎಂದ. "ಅದು ತಾನಾಗಿ ನಿಲ್ತಾ ಇರ್ಲಿಲ್ಲ. ನಾನು ನಿಲ್ಲಿಸ್ತಾ ಇದ್ದೆ. ಅದು ನಿಂತ್ರೆ ನಾನೂ ನಿಲ್ತೀನಿ ಅಂದಿದ್ದೆ ನೀನು."

"ಯಾವಾಗ ಅಂದಿದ್ದೆ?"

"ಡಾಕ್ಟರ ಹತ್ರದಿಂದ ಬರೋವಾಗ. ಬಸ್‌ಸ್ಟಾಪಿನಲ್ಲಿ."

ಅವಳು ಗಂಡ ಬಿಟ್ಟು ಎದ್ದಿದ್ದ ಸ್ಟೂಲಿನ ಮೇಲೆ ಕೂತಳು. ಹೊರಗೆ ಎಲ್ಲೋ ಪಂಪು ಶುರುವಾಯಿತು, ಕಿಟಕಿಯ ಗಾಜು ಸಣ್ಣಗೆ ನಡುಗಿತು.

"ಬೇಕಂತಲೇ?"

"ಹೂಂ."

"ದಿನಾ ನಾನು ಏರಿ ಮೇಲೆ ಕೂತು ನಿಮ್ಮನ್ನ ಬೈತಿದ್ದೆ. ಎಲ್ಲರೂ ಕೇಳೋ ಹಾಗೆ."

"ಹೂಂ."

"ಬೈಸ್ಕೊಂಡು ಸಂಜೆ ಬಂದು ಚಹಾ ಮಾಡಿ ಕೊಡ್ತಿದ್ರಿ."

"ಹೂಂ."

ಅವಳು ನೆಲ ನೋಡಿದಳು. ಅವಳ ಮುಖ ಕರಗುತ್ತದೆಂದು ಬಾಗಿಲಾಚೆ ಚಹಾದ ಲೋಟ ಹಿಡಿದು ನಿಂತಿದ್ದ ಐದ್ನಿಮಿಷ ನಿರೀಕ್ಷಿಸಿದ್ದ. ಅದು ಕರಗಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು.

"ಕಂಬನ್ನ ಮೇಸ್ತ್ರಿ ಮಾಡಿದ ವರ್ಷ, ನನ್ನ ಏರಿ ಒಂದು ಸಲಾನೂ ಟೈಮಿಗೆ ಮುಗೀಲಿಲ್ಲ. ಮಿಷನ್ ನಿಂತು ನಿಂತು. ಅದಕ್ಕೇ ನನಗೆ ಕೊಡ್ಲಿಲ್ಲ."

"ಹೌದು."

"ನಿಮಗೆ ಆಗ್ಲೇ ಗೊತ್ತಿತ್ತು."

"ಗೊತ್ತಿತ್ತು."

"ಮೇಸ್ತ್ರಿ ಆಗಿದ್ರೆ, ರೀ," ಎಂದಳು ಅವಳು, ದನಿ ಏರಿಸದೆ, ಅಂಗಡಿಯಲ್ಲಿ ತಪ್ಪು ಸಾಮಾನು ತಂದವನಿಗೆ ತಿಳಿಹೇಳುವ ಹಾಗೆ, "ನಾನು ಮಿಷನ್ನೇ ಹಿಡೀಬೇಕಾಗಿರ್ಲಿಲ್ಲ. ಸೀಟಿ ಊದ್ಕೊಂಡು ಓಡಾಡ್ತಿದ್ದೆ. ಎಂಟು ವರ್ಷ."

ಫಿಟ್ಟರ್ ಇದನ್ನು ಯೋಚಿಸಿರಲಿಲ್ಲ. ನಿಮಿಷಗಳನ್ನು ಯೋಚಿಸಿದ್ದ, ಪೆಟ್ರೋಲು, ಗಾಳಿ, ಬಿಸಿ, ಸ್ಕ್ರೂವಿನ ಕಾಲು ಸುತ್ತು ಎಲ್ಲವನ್ನೂ ಯೋಚಿಸಿದ್ದ. ಮಿಷನ್ನೇ ಇಲ್ಲದ ಕೈ ಅವನ ತಲೆಗೆ ಬಂದಿರಲಿಲ್ಲ. ಫಿಟ್ಟರನಲ್ಲವೇ. ಅವನಿಗೆ ಏನಾದರೂ ಅನಿಸಬೇಕಿತ್ತು. ಅನಿಸುವ ಜಾಗದಲ್ಲಿ ಕಿಟಕಿಯ ಗಾಜಿನ ಸದ್ದು ಮಾತ್ರ ಇತ್ತು.

"ಅದು ಹೊಳೀಲಿಲ್ಲ" ಎಂದ.

"ನನಗೂ ಒಂದ್ಮಾತು ಹೇಳಿದ್ರೆ ನಾನಾದ್ರೂ ಯೋಚಿಸ್ತಿದ್ದೆ." ಅವಳು ಎದ್ದು ಕೈಗವಸು ಕಳಚಿದಳು. "ಕೊಡಿ ಇಲ್ಲಿ. ಯಾವ ಸ್ಕ್ರೂ ಅದು? ತೋರ್ಸಿ. ನನ್ನ ಮಿಷನ್ನು, ನಾನೇ ಮಾಡ್ಕೋತೀನಿ. ಯಾವಾಗ ನಿಲ್ಲಬೇಕು ಅಂತ ಇನ್ಮೇಲೆ ನೀವು ಹೇಳೋದು ಬೇಡ."

ಅವನು ತೋರಿಸಿದ. "ಮೊದಲು ಒಳಕ್ಕೆ ತಿರುಗಿಸು. ಮೆತ್ತಗೆ. ತಳಕ್ಕೆ ಕೂತ ತಕ್ಷಣ ಬೆರಳಿಗೆ ತಾಗತ್ತೆ, ಅಲ್ಲಿಗೆ ಬಿಡು. ಆಮೇಲೆ ಹಿಂದಕ್ಕೆ ಎಣಿಸ್ಕೋ."

ಅವಳು ಸ್ಕ್ರೂಡ್ರೈವರ್ ಹಿಡಿದಳು. ಒಂದು ಸುತ್ತು. ಇನ್ನೊಂದು ಅರ್ಧ.

"ಕೂತಿತು" ಎಂದ ಫಿಟ್ಟರ್.

"ಇನ್ನೂ ಇಲ್ಲ."

"ಕೂತಿದೆ. ಬಿಡು."

"ಕೂತಿಲ್ಲ ರೀ, ಕೂತ್ರೆ ಗೊತ್ತಾಗಲ್ವಾ ನನಗೆ?" ಅವಳು ಇನ್ನಷ್ಟು ತಿರುಗಿಸಿದಳು. ಹಿತ್ತಾಳೆ ಕಿರುಗುಟ್ಟಿತು. ಆ ಸದ್ದು ಅವಳಿಗೂ ಕೇಳಿಸಿತು, ಅವನಿಗೂ ಕೇಳಿಸಿತು, ಬಾಗಿಲಾಚೆ ಐದ್ನಿಮಿಷನಿಗೂ ಕೇಳಿಸಿತು.

ಅವಳು ಕೈ ತೆಗೆದಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜಿದಳು. ಬೇರೆ ಯಾರದೋ ಬೆರಳೆಂಬಂತೆ ಅವುಗಳನ್ನು ನೋಡಿದಳು. ಮತ್ತೆ ಉಜ್ಜಿದಳು.

"ಈಗ್ಲೂ ತಾಗ್ತಾ ಇಲ್ಲ" ಎಂದಳು.

ಬಾಗಿಲಲ್ಲಿ ಕೆಮ್ಮಿ ಐದ್ನಿಮಿಷ ಒಳಗೆ ಬಂದ. ಸ್ಕ್ರೂವನ್ನು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿದ. ಸೂಜಿಯಂತಿರಬೇಕಾದ ತುದಿಗೆ ಉಂಗುರದಂಥ ಗೀರು ಬಿದ್ದಿತ್ತು. "ಹೋಗ್ಲಿ ಬಿಡಿ ಅಕ್ಕ, ಸ್ಟೋರಲ್ಲಿ ಬೇರೆ ಇದೆ. ಐದು ನಿಮಿಷ." ಹೊಸ ಸ್ಕ್ರೂ ಹಾಕಿ, ಕೂರಿಸಿ, ಹಿಂದಕ್ಕೆ ತಿರುಗಿಸುವ ಮುನ್ನ ಇಬ್ಬರ ಮುಖವನ್ನೂ ನೋಡಿದ. "ಎಷ್ಟಕ್ಕೆ ಇಡಲಿ?"

ಫಿಟ್ಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಸರಿಯಾಗಿ ಎಲ್ಲಿಗೆ ಇಡಬೇಕೋ ಅಲ್ಲಿಗೆ ಇಡಪ್ಪ. ನಿನ್ನ ಕೆಲಸ ಹೋಗೋ ಹಾಗೆ ಬೇಡ."

ಹೊಸ ಸ್ಕ್ರೂ ಸರಿಯಾಗಿ ಕೂತಿತು. ಬ್ಲೇಡು ಬದಲಾಯಿತು. ಮಿಷನ್ನು ಒಂದೇ ಎಳೆತಕ್ಕೆ ಶುರುವಾಗಿ ತಡವರಿಸದೆ ಓಡಿತು. ಹೆಂಡತಿ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದಳು. ಬಾಗಿಲ ಬಳಿ ಸೂಪರ್‌ವೈಸರ್ ಎದುರಾದ. ಫಿಟ್ಟರನನ್ನು ಗೇಟಿನಲ್ಲಿ ಕಂಡ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಏನಮ್ಮ, ನಿಮ್ಮೆಜಮಾನ್ರು ಯಾಕೆ ಬಂದಿದ್ರು?"

ಅವಳು ಒಂದು ಕ್ಷಣವೂ ತಡೆಯಲಿಲ್ಲ.

"ಏನ್ ಹೇಳಲಿ ಸಾರ್. ಮನೇಲಿ ಕೂರಕ್ಕಾಗದೆ ಬಂದು ನನ್ನ ಮಿಷನ್ನಿಗೆ ಕೈ ಹಾಕಿದಾರೆ. ಈ ಹೊಸಬ ಬೇಡ ಬೇಡ ಅಂದ ಪಾಪ, ಕೇಳಿದ್ರಾ? ಇನ್ನು ಇದು ಮೊದಲಿನ ಹಾಗೇ. ನಡುನಡುವೆ ನಿಲ್ಲತ್ತೆ."

"ಅಯ್ಯೋ ರಾಮ!" ಎಂದು ಸೂಪರ್‌ವೈಸರ್ ಹಣೆ ಚಚ್ಚಿಕೊಂಡ. ಆ ಮಾತಿಗೆ ಸಾಕ್ಷಿ ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ. ಹನ್ನೊಂದು ವರ್ಷದ ಸಾಕ್ಷಿ ಅವನ ಕಣ್ಣೆದುರೇ ಇತ್ತು. ವರ್ಕ್‌ಶಾಪಿನೊಳಗೆ ತಲೆ ಹಾಕಿ, "ಯಜಮಾನ್ರೇ, ಟಾರ್ಚ್ ಕೊಟ್ಟಿದ್ವಲ್ಲ, ಅದನ್ನ ಬಿಚ್ಚಿ ಕೂಡಿಸ್ತಾ ಮನೇಲಿ ಇರಬಾರದಾ?" ಎಂದ. ಫಿಟ್ಟರ್ ತಲೆ ತಗ್ಗಿಸಿದ. ಐದ್ನಿಮಿಷ ಬೆಂಚಿನ ಮೇಲೆ ಇಲ್ಲದ ಧೂಳು ಒರೆಸತೊಡಗಿದ.

ಮನೆಗೆ ಬಂದು ಫಿಟ್ಟರ್ ಚಹಾ ಮಾಡಿಕೊಂಡ. ಅಡುಗೆಮನೆಯ ಕಿಟಕಿಯ ಮುಂದೆ ನಿಂತ.

ಹನ್ನೆರಡರಲ್ಲಿ ಅವಳದು ಗುರುತು ಸಿಗಲು ಈಗ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲದರ ಹಾಗೆಯೇ ಓಡುತ್ತಿತ್ತು. ಇಪ್ಪತ್ತು. ಇಪ್ಪತ್ತೆರಡು. ನಿಲ್ಲಲಿಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಅವನು ಲೋಟದ ಅಂಚು ಹಿಡಿದು ನಿಂತೇ ಇದ್ದ. ಬೆರಳಿಗೆ ಬಿಸಿ ತಾಗುತ್ತಿತ್ತು; ಅವನು ಹಿಡಿದೇ ಇದ್ದ.

ಇಪ್ಪತ್ತಾರಕ್ಕೆ ನಿಂತಿತು. ಕೆಮ್ಮಲಿಲ್ಲ. ಉಸಿರು ಕಟ್ಟಿ ನಿಂತ ಇಂಜಿನ್ನಿನ ಸದ್ದು ಬೇರೆ, ಹೆಬ್ಬೆರಳಿನಿಂದ ಸ್ವಿಚ್ಚು ಒತ್ತಿ ನಿಲ್ಲಿಸಿದ ಇಂಜಿನ್ನಿನ ಸದ್ದು ಬೇರೆ. ಇದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಸ್ವಿಚ್ಚು ಒತ್ತಿದ್ದು ಆ ಹೆಬ್ಬೆರಳಿಗೆ ತಾಗಿತೋ ಇಲ್ಲವೋ, ಅದು ಗೋಡೆಯ ಈಚೆಗೆ ಕೇಳುವಂಥದ್ದಲ್ಲ.

ಆಮೇಲೆ ಗೋಡೆಯಾಚೆಯಿಂದ ಅವಳ ದನಿ ಎದ್ದಿತು. ಇಡೀ ಏರಿಗೆ, ಮೇಸ್ತ್ರಿಗೆ, ಸೂಪರ್‌ವೈಸರನ ಆಫೀಸಿನ ಕಿಟಕಿಗೆ ಮುಟ್ಟುವ ಹಾಗೆ:

"ನಿಂತೇ ಹೋಯ್ತು ನೋಡ್ರೇ! ಒಂದು ಕಾರ್ಬುರೇಟರ್ ಸೆಟ್ ಮಾಡಕ್ಕೆ ಬರದ ಗಂಡನ್ನ ಕಟ್ಕೊಂಡು..."

ಎಂದಿಗಿಂತ ಒಂದೆರಡು ಮಾತು ಹೆಚ್ಚೇ ಇತ್ತು. ಅವುಗಳಲ್ಲಿ ಕೆಲವು ಕೇಳುವವರಿಗಾಗಿ, ಕೆಲವು ನಿಜವಾಗಿಯೂ ಅವನಿಗೇ. ಯಾವುದು ಯಾವುದೆಂದು ಫಿಟ್ಟರನಿಗೆ ಗೊತ್ತಾಗುತ್ತಿತ್ತು. ಅವನು ಕುರ್ಚಿಯಲ್ಲಿ ಕೂತ. ಹತ್ತು ನಿಮಿಷ ಎಣಿಸಿದ. ಒಂಬತ್ತಕ್ಕೇ ಮಿಷನ್ನು ಮತ್ತೆ ಶುರುವಾಯಿತು.

ಅವನು ಎದ್ದು ಲೋಟ ತೊಳೆದ. ಒಂದೇ ಸಲ.